ಸೋರೆದುರ್ಗದ ಶಂಖ

ನಾನು ಒಂದು ಶಂಖ. ದೇವರ ಗೂಡಿನಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂರುವ ಜಾತಿಯದಲ್ಲ. ದಾಸಯ್ಯನ ಹೆಗಲಿಗೆ ಬಿದ್ದು, ಊರೂರು ಅಲೆದು, ಬಾಗಿಲು ಬಾಗಿಲಿಗೆ ನಿಂತು ಕೂಗಿಕೊಳ್ಳುವ ಜಾತಿ.

ಹುಟ್ಟಿದ್ದು ತೆಂಕಣ ಸಮುದ್ರದ ತಳದಲ್ಲಿ. ಮೆತ್ತನೆಯ ಹುಳವೊಂದು ತನ್ನ ಮೈಯಿಂದಲೇ ಸುಣ್ಣ ತೆಗೆದು, ಸುತ್ತಿನ ಮೇಲೆ ಸುತ್ತು ಹಾಕಿ, ಅವಸರವಿಲ್ಲದೆ ನನ್ನನ್ನು ಕಟ್ಟಿತು. ನೀರಿಗೆ ಮುಳುಗುವವನೊಬ್ಬ ಬಂದು ಇಬ್ಬರನ್ನೂ ಎತ್ತಿಕೊಂಡು ಹೋದ. ದಂಡೆಯ ಮರಳಿನಲ್ಲಿ ಹೂತಿಟ್ಟ. ಹುಳ ಕೊಳೆತು ಹೋಯಿತು, ನಾನು ಉಳಿದೆ. ಆಮೇಲೆ ಕಂಚುಗಾರನೊಬ್ಬ ನನ್ನ ತುದಿಯನ್ನು ಅರದಿಂದ ಉಜ್ಜಿ ತೂತು ಮಾಡಿ, ಅರಗು ಕಾಸಿ, ಹಿತ್ತಾಳೆಯ ಬಾಯಿ ಕೂರಿಸಿದ. ಊದಿ ನೋಡಿದ. ಅಂಗಡಿಯ ಮುಂದೆ ಮಲಗಿದ್ದ ನಾಯಿ ಎದ್ದು ಓಡಿಹೋಯಿತು.

"ಪರ್ವಾಗಿಲ್ಲ, ಗಂಟ್ಲದೆ ಇದಕ್ಕೆ" ಅಂದ.

ನನ್ನನ್ನು ಕೊಂಡವನು ಒಬ್ಬ ಮುದಿ ದಾಸಯ್ಯ. ಅವನು ತನ್ನ ಶಿಷ್ಯನ ತೋಳಿಗೆ ದೀಕ್ಷೆಯ ಮುದ್ರೆ ಒತ್ತಿಸಿದ ದಿನ ನನ್ನನ್ನು ಆ ಶಿಷ್ಯನ ಹೆಗಲಿಗೆ ಹಾಕಿದ. ಆ ಶಿಷ್ಯನೇ ಓಬಳದಾಸ. ನನ್ನ ಬದುಕೆಂದರೆ ಅವನೇ. ಉಳಿದದ್ದೆಲ್ಲ ಬರೀ ಇರುವುದು.

ದಾಸಯ್ಯ ಅಂದರೆ ಯಾರು ಎಂದು ಈಗಿನವರಿಗೆ ಹೇಳಬೇಕಾದೀತು. ಹಣೆಗೆ ಮೂರು ನಾಮ, ಒಂದು ಕೈಯಲ್ಲಿ ಜಾಗಟೆ, ಇನ್ನೊಂದರಲ್ಲಿ ಉರಿಯುವ ದೀಪದ ಕಂಬ, ಹೆಗಲಿಗೆ ಶಂಖ, ಕಂಕುಳಲ್ಲಿ ಭವನಾಸಿ. ಭವನಾಸಿ ಎಂದರೆ ಭಿಕ್ಷೆ ಹಾಕಿಸಿಕೊಳ್ಳುವ ತಾಮ್ರದ ಪಾತ್ರೆ. ಶನಿವಾರ ಶನಿವಾರ ದಾಸಯ್ಯ ಬಾಗಿಲಿಗೆ ಬಂದು ಶಂಖ ಊದಿದರೆ ಬರಿಗೈಲಿ ಕಳಿಸುವಂತಿಲ್ಲ. ಮದುವೆಗೂ ಅವನು ಬೇಕು, ಸಾವಿಗೂ ಬೇಕು. ಅವನ ಬಾಯಲ್ಲಿ ಆ ಸೀಮೆಯ ದೇವರುಗಳದ್ದೆಲ್ಲ ಪದ ಇರುತ್ತಿತ್ತು. ಯಾವ ಬೆಟ್ಟದ ದೇವರು ಯಾವ ಬೆಟ್ಟದ ದೇವಿಯನ್ನು ಮದುವೆಯಾದದ್ದು, ಯಾವ ಹೊಳೆಯ ಕಡವಿನಲ್ಲಿ ದಣಿವಾರಿಸಿಕೊಂಡದ್ದು, ಎಲ್ಲ. ಓದಲು ಬರೆಯಲು ಬಾರದ ಜನ ತಮ್ಮ ನೆಲವನ್ನು ಹಾಗೆ ನೆನಪಿಟ್ಟುಕೊಂಡಿದ್ದರು.

ನಮ್ಮ ಸೀಮೆ ಆಗ ಎರಡು ದೊಡ್ಡ ರಾಜ್ಯಗಳ ಅಂಚು. ಘಟ್ಟದ ಮೇಲೆ ಸುಲ್ತಾನರ ಆಳ್ವಿಕೆ, ಘಟ್ಟದ ಕೆಳಗೆ ಬಯಲಿನಲ್ಲಿ ಕುಂಪಣಿಯ ಆಳ್ವಿಕೆ. ಇವರಿಗೆ ಅವರ ಮೇಲೆ ಕಣ್ಣು, ಅವರಿಗೆ ಇವರ ಮೇಲೆ. ಬಳೆಗಾರನ ವೇಷದಲ್ಲಿ, ಫಕೀರನ ವೇಷದಲ್ಲಿ, ಕುದುರೆ ಮಾರುವವನ ವೇಷದಲ್ಲಿ ಬೇಹಿನವರು ಓಡಾಡುತ್ತಿದ್ದರು. ಗಡಿಯ ದಾರಿಯಲ್ಲಿ ಉಕ್ಕಡದ ಕಾವಲಿನವರು ಎಲ್ಲರ ಗಂಟನ್ನೂ ಬಿಚ್ಚಿಸುತ್ತಿದ್ದರು. ಓಬಳದಾಸ ಬಂದರೆ ಮಾತ್ರ, "ಊದಪ್ಪ ದಾಸಪ್ಪ" ಅನ್ನುತ್ತಿದ್ದರು. ಅವನು ನನ್ನನ್ನು ಎತ್ತಿ ಊದುತ್ತಿದ್ದ. ವೇಷದವನಿಗೆ ಅಂಥ ಉಸಿರು ಬರುವುದಿಲ್ಲ. ಮರದ ತಡೆ ಮೇಲಕ್ಕೆ ಹೋಗುತ್ತಿತ್ತು.

ಅವನಿಗಿದ್ದದ್ದು ಒಬ್ಬಳೇ ಮಗಳು, ಅಲಮೇಲಿ. ಹೆಂಡತಿ ಬೇಗ ಹೋಗಿದ್ದಳು. ಮಗಳನ್ನು ಸೋರೆದುರ್ಗದ ಕಾವಲಿನವ ಮುದ್ದಯ್ಯನಿಗೆ ಕೊಟ್ಟಿದ್ದ. ಸೋರೆದುರ್ಗ ಘಟ್ಟದ ಬಾಯಲ್ಲಿದ್ದ ಸುಲ್ತಾನರ ಕೋಟೆ. ಸೋರೆಕಾಯಿ ನೆಟ್ಟಗೆ ನಿಲ್ಲಿಸಿದ ಹಾಗೆ ಬೆಟ್ಟ, ಅದರ ಸುತ್ತ ಗೋಡೆ. ಹಿಂಬದಿಯಲ್ಲಿ ಒಬ್ಬ ಬಗ್ಗಿ ಹೋಗುವಷ್ಟು ಸಣ್ಣ ಬಾಗಿಲು. ಶನಿವಾರ ನನ್ನ ದನಿ ಕೇಳಿದರೆ ಆ ಬಾಗಿಲು ತೆರೆಯುವುದು ವಾಡಿಕೆ, ಕಾಲ ಎಂಥದ್ದೇ ಇರಲಿ. ಬಾಗಿಲು ಕಾಯುವವನು ಮುದ್ದಯ್ಯನೇ.

"ಏನ್ ಮಾವ, ಹೊಟ್ಟೆ ಬರ್ತಾ ಬರ್ತಾ ಬಾಗ್ಲಲ್ಲಿ ತೂರಾಕಿಲ್ಲ ಅಂತದೆ" ಎಂದು ಅಳಿಯ ರೇಗಿಸುತ್ತಿದ್ದ.

"ನೀನು ಹಾಕೋ ಇಟ್ನಲ್ಲಿ ಹೊಟ್ಟೆ ಬಂದದಾ? ಉಬ್ಬಸ ಬಂದದೆ ಅಷ್ಟೆ" ಎಂದು ಮಾವ ಬಗ್ಗಿ ಒಳಗೆ ಬರುತ್ತಿದ್ದ.

ಆ ಕೋಟೆಯಲ್ಲಿ ಒಂದು ದೊಣೆ ಇತ್ತು. ಬಂಡೆಯಲ್ಲಿ ತಾನಾಗಿ ಆದ ಕೊಳ. ಸುಡು ಬೇಸಿಗೆಯಲ್ಲೂ ಬತ್ತದು. ಅದರ ದಡದಲ್ಲಿ ತಂಗ್ಯವ್ವ ಎಂಬ ದೇವಿಯ ಕಲ್ಲು. ಕೋಟೆಯ ಪಕ್ಕದಲ್ಲೇ ಅದಕ್ಕಿಂತ ಎತ್ತರದ ಇನ್ನೊಂದು ಬೆಟ್ಟ, ಕಾಡು ಬಿದ್ದದ್ದು. ಅಲ್ಲೊಂದು ಗವಿ, ಗವಿಯೊಳಗೆ ಅಕ್ಕವ್ವ. ಎರಡು ಬೆಟ್ಟಗಳ ನಡುವೆ ಕುದುರೆಯ ಬೆನ್ನಿನಂಥ ದಿಣ್ಣೆ ಇಳಿದು ಬರುತ್ತಿತ್ತು. ವರ್ಷಕ್ಕೊಮ್ಮೆ, ಮೊದಲ ಮಳೆ ಬಿದ್ದ ಮೇಲೆ, ಸುತ್ತಲಿನ ಹೆಂಗಸರು ಅಕ್ಕನ ಗವಿಗೆ ಹೋಗಿ ಅರಿಸಿನದ ಬಟ್ಟೆಯಲ್ಲಿ ಬಳೆ ಕಟ್ಟಿ ಅಲ್ಲಿಯ ನೀರಿಗೆ ಬಿಡುತ್ತಿದ್ದರು. ಒಂದೆರಡು ದಿನ ಕಳೆದ ಮೇಲೆ ಆ ಗಂಟು ಕೋಟೆಯ ದೊಣೆಯಲ್ಲಿ ತೇಲುತ್ತಿತ್ತು. ತವರಿನಿಂದ ತಂಗಿಗೆ ಬಾಗಿನ ಬಂತು ಎಂದು ಕೋಟೆಯ ಹೆಂಗಸರು ಅದನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಯಾವ ಕಾಲದ ಯಾವ ಪುಣ್ಯಾತ್ಮರು ದಿಣ್ಣೆಯ ಒಳಗೆ ಕಲ್ಲು ಕಡಿದು ಕಾಲುವೆ ಮಾಡಿ ಮುಚ್ಚಿದ್ದರೋ, ಅದು ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಪದದಲ್ಲಿ ಮಾತ್ರ ಉಳಿದಿತ್ತು.

ಅಕ್ಕಯ್ಯನ ಗವಿಯಿಂದ ತಂಗ್ಯವ್ನ ದೊಣೆ ಗಂಟ
ಕತ್ತಲ ಹಾದೀಲಿ ನಡೆದಾಳೆ ಗಂಗವ್ವ
ದಿಣ್ಣೇಯ ಒಳಗಾಸಿ ಬೆವರಂಗೆ ಇಳಿದಾಳೆ
ಕಾಗೇಯು ಕುಡೀದಂಗೆ, ಬಿಸಿಲೂನು ನೋಡದಂಗೆ
ಮೂರುಣಿಸೆ ಬುಡದಲ್ಲಿ ಉಸ್ಸೆಂದು ಕುಂತಾಳೆ

ಓಬಳದಾಸ ಇದನ್ನು ಹಾಡುವಾಗ ಕೊನೆಯ ಸಾಲಿಗೆ ನನ್ನನ್ನು ಎತ್ತಿ ಸಣ್ಣಗೆ ಊದುತ್ತಿದ್ದ, ಗಂಗವ್ವ ಉಸಿರು ಬಿಟ್ಟ ಹಾಗೆ.

ಕುಂಪಣಿಯ ಕಡೆ, ಬಯಲಿನ ಪೇಟೆಯಲ್ಲಿ, ಒಬ್ಬ ಸಾಹೇಬ ಇದ್ದ. ಹೆಸರು ಟಾಲ್ಬಟ್. ಜನ ತಾಳಭಟ್ಟರು ಅನ್ನುತ್ತಿದ್ದರು, ಯಾಕೆಂದರೆ ಅವನು ಗಂಡಾಳಿನಂತೆ ಬಂದೂಕು ಹಿಡಿಯದೆ ಸದಾ ಓಲೆಗರಿ, ಶಾಸನ, ಪುರಾಣ ಎಂದು ಕೂತಿರುತ್ತಿದ್ದ. ಕನ್ನಡ ಕಲಿತಿದ್ದ. ಅದೂ ಪೋಥಿಯ ಕನ್ನಡ. ಅವನ ಮುನ್ಷಿ ಕೊಂಡೋಪಂತ, ನಡುವಯಸ್ಸಿನ ಬ್ರಾಹ್ಮಣ, ಬಾಯಿ ಸ್ವಲ್ಪ ಕಹಿ. ಒಂದು ದಿನ ಓಬಳದಾಸ ಆ ಬೀದಿಯಲ್ಲಿ ನನ್ನನ್ನು ಊದಿದಾಗ ಸಾಹೇಬನೇ ಬಾಗಿಲಿಗೆ ಬಂದ.

"ದಾಸರೇ, ದಯಮಾಡಿ ಒಳಗೆ ಬನ್ನಿರಿ. ಆಸೀನರಾಗಿರಿ" ಅಂದ.

ನನ್ನ ಒಡೆಯ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನಾದರೂ ಕರೆಯುತ್ತಿದ್ದಾರೇನೋ ಎಂದು. ಅವನನ್ನು ಅದುವರೆಗೆ ಯಾರೂ ನೀವು ಅಂದಿರಲಿಲ್ಲ. ಜಗುಲಿಗಿಂತ ಮೇಲೆ ಯಾರೂ ಹತ್ತಿಸಿರಲಿಲ್ಲ. ಸಾಹೇಬ ಚಾಪೆ ಹಾಸಿಸಿ ತಾನೂ ಅದರ ಮೇಲೆ ಕೂತ. ನನ್ನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಆ ಕೈ ಒರಟಾಗಿರಲಿಲ್ಲ. ಅದನ್ನು ನಾನು ಹೇಳಲೇಬೇಕು. ತೊಟ್ಟಿಲ ಕೂಸನ್ನು ಎತ್ತುವ ಹಾಗೆ ಎತ್ತಿದ್ದ.

"ನಿಮಗೆ ಬರುವ ಪದಗಳನ್ನು ಹೇಳಿರಿ. ನಾನು ಬರೆದುಕೊಳ್ಳುತ್ತೇನೆ."

"ಯಾವ್ದ ಹೇಳ್ಲಿ ಬುದ್ದಿ? ನಂಗೆ ಬರೋದ್ನೆಲ್ಲ ಹೇಳುದ್ರೆ ನಿಮ್ಮ ಕಾಗ್ದ ಮುಗ್ದೋಯ್ತದೆ."

"ಕಾಗದ ತರಿಸೋಣ" ಎಂದು ಸಾಹೇಬ ನಕ್ಕ.

ಆ ಮಳೆಗಾಲವೆಲ್ಲ ಓಬಳದಾಸ ಅಲ್ಲಿಗೆ ಹೋಗುತ್ತಿದ್ದ. ಸಾಹೇಬ ಕೋಟೆಯ ಮಾತು ಎತ್ತುತ್ತಲೇ ಇರಲಿಲ್ಲ. ಎಷ್ಟು ಜನ ಇದ್ದಾರೆ, ತೋಪು ಎಲ್ಲಿ, ಮದ್ದಿನ ಮನೆ ಎಲ್ಲಿ ಎಂದು ಮರೆತೂ ಕೇಳಲಿಲ್ಲ. ಕೇಳಿದ್ದೆಲ್ಲ ದೇವರ ಮಾತು. ಅಕ್ಕತಂಗಿಯರ ಪದ ಬಂದಾಗ ಮಾತ್ರ ಅವನ ಲೇಖನಿ ನಿಂತಿತು.

"ಗಂಗವ್ವ ಹುಣಸೆಯ ಬುಡದಲ್ಲಿ ಏಕೆ ಕುಳಿತಳು?"

"ಸುಸ್ತಾಗಾಕಿಲ್ವ ಬುದ್ದಿ? ಬಸುರಿ ಹೆಂಗ್ಸು. ಅಷ್ಟು ದೂರ ಕತ್ಲಲ್ಲಿ ನಡೀಬೇಕು."

"ಆ ಮೂರು ಮರಗಳು ಈಗಲೂ ಇವೆಯೇ?"

"ಎರಡವೆ. ಒಂದ್ಕೆ ಸಿಡ್ಲು ಬಡೀತು, ನಮ್ಮಪ್ಪನ ಕಾಲ್ದಲ್ಲಿ. ಬೊಡ್ಡೆ ಅದೆ."

"ಅಲ್ಲಿ ಪೂಜೆ ಮಾಡುವಾಗ ಏನಾದರೂ ಶಬ್ದ ಕೇಳುವುದುಂಟೋ?"

ಓಬಳದಾಸನ ಮುಖ ಅರಳಿತು. ಎಂಥ ತಿಳಿದವರು, ಎಂಥ ಭಕ್ತಿ! "ಉಂಟು ಬುದ್ದಿ! ಕಿವಿ ಇಟ್ಟು ಕೇಳುದ್ರೆ ಗೆಜ್ಜೆ ಸಪ್ಪಳ ಕೇಳ್ತದೆ. ನಾನೇ ಕೇಳಿವ್ನಿ."

ಕೊಂಡೋಪಂತ ಮೂಲೆಯಲ್ಲಿ ಕೂತು ಲೇಖನಿ ಕೆತ್ತುತ್ತಿದ್ದ. ತಲೆ ಎತ್ತಲಿಲ್ಲ. ಓಬಳದಾಸ ಹೊರಡುವಾಗ ಬಾಗಿಲವರೆಗೆ ಬಂದು, "ಅಲ್ಲಯ್ಯಾ ದಾಸಪ್ಪ, ನಿನಗೆ ಬೇರೆ ಊರಿಲ್ಲವೇ ಭಿಕ್ಷೆಗೆ?" ಅಂದ.

"ಯಾಕ್ ಸೋಮಿ, ನಾನು ಬಂದ್ರೆ ನಿಮ್ಮ ಚಾಪೆ ಸವೀತದಾ?"

ಕೊಂಡೋಪಂತ ಏನೋ ಹೇಳಲು ಬಾಯಿ ತೆರೆದ. ಒಳಗಿನಿಂದ ಸಾಹೇಬ ಕರೆದ. ಬಾಯಿ ಮುಚ್ಚಿಕೊಂಡು ಒಳಗೆ ಹೋದ. ಹೆಂಡತಿ ಮಕ್ಕಳಿದ್ದವನು.

ಇನ್ನೊಂದು ಕಡೆಯವರೂ ಸುಮ್ಮನಿರಲಿಲ್ಲ. ಸೋರೆದುರ್ಗದ ಕಿಲ್ಲೇದಾರ ಬುರ್ಹಾನ್ ಖಾನ್ ಒಂದು ಶನಿವಾರ ದಾಸಯ್ಯನನ್ನು ಕರೆಸಿದ. ಅಲಮೇಲಿ ಆಗ ತುಂಬು ಬಸುರಿ, ಹೆದರಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

"ದಾಸಪ್ಪ, ನೀನು ಆ ಕಡೆ ಬಿಳಿ ಸಾಹೇಬನ ಮನೆಗೆ ಹೋಗ್ತೀಯಂತೆ. ಅಲ್ಲಿ ಏನು ನೋಡಿದೆ? ಕುದುರೆ ಎಷ್ಟು? ತೋಪು ಎಷ್ಟು?"

"ಅಂತದ್ನೆಲ್ಲ ನಾ ನೋಡ್ನಿಲ್ಲ ಬುದ್ದಿ. ಅವರು ಪದ ಕೇಳ್ತಾರೆ, ನಾ ಹೇಳ್ತೀನಿ. ಅಷ್ಟೆಯ."

"ಪದ ಕೇಳೋಕೆ ಸಮುದ್ರ ದಾಟಿ ಬಂದನೇ?" ಕಿಲ್ಲೇದಾರ ಗಹಗಹಿಸಿ ನಕ್ಕ. ಪಕ್ಕದಲ್ಲಿದ್ದವರೂ ನಕ್ಕರು. "ಯಾವ ಪದ?"

ಓಬಳದಾಸ ಅಲ್ಲೇ ನಿಂತು ಅಕ್ಕತಂಗಿಯರ ಪದ ಹಾಡಿದ. ಕಿಲ್ಲೇದಾರ ಕಣ್ಣು ಮುಚ್ಚಿ ಕೇಳಿದ. ಚೆನ್ನಾಗಿದೆ ಅಂದ. "ಹಾಡು, ಪರವಾಗಿಲ್ಲ. ಮದ್ದಿನ ಮನೆ, ಬತೇರಿ, ಕಾವಲು, ಈ ಮಾತು ಬಾಯಿಂದ ಬಂದರೆ ಮಾತ್ರ ನಾಲಿಗೆ ಇರೋದಿಲ್ಲ."

ನೋಡಿ, ಅಲ್ಲಿದ್ದವರಲ್ಲಿ ಯಾರಿಗೂ ಹೊಳೆಯಲಿಲ್ಲ. ಕೋಟೆಯ ಗುಟ್ಟು ಬೇರೆ, ದೇವರ ಮಾತು ಬೇರೆ ಎಂದೇ ಎಲ್ಲರ ಎಣಿಕೆ. ಗೋಡೆಗೆ ಕಾವಲಿತ್ತು, ಮದ್ದಿನ ಮನೆಗೆ ಕಾವಲಿತ್ತು. ಅಕ್ಕನ ಗವಿಗೂ ಎರಡು ಹುಣಸೆ ಮರಕ್ಕೂ ಕಾವಲು ಹಾಕಬೇಕೆಂದು ಯಾರು ಅಂದುಕೊಂಡಾರು? ತವರಿನ ನೀರು ತಂಗಿಗೆ ಬರುವುದನ್ನು ತಡೆಯುವಂಥವರು ಲೋಕದಲ್ಲಿ ಇರುತ್ತಾರೆಯೇ?

ಹೊರಗೆ ಬಂದ ಮೇಲೆ ಅಲಮೇಲಿ ಅಪ್ಪನ ಹೆಗಲ ಬೆವರು ಸೆರಗಿನಿಂದ ಒರೆಸಿದಳು. "ಸಾಕು ಕನಪ್ಪೊ ನಿನ್ನ ದೊರೆ ಸಾವಾಸ. ಬೀಗರ ಮನೆಗೆ ಹೋದಂಗೆ ನಾಮ ತೀಡ್ಕಂಡು ಹೋಗ್ತೀಯಂತೆ."

"ನಿನ್ ಮಗೀಗೆ ಒಂದು ಬೆಳ್ಳಿ ಕಡಗ ಕೊಡುಸ್ತೀನಿ ಅಂದವ್ರೆ ಕನವ್ವ."

"ಮಗ ಹುಟ್ಟಕ್ಕೆ ಮುಂಚೆಯೇ ಅಳತೆ ಕೊಟ್ಟು ಬಂದ್ಯಾ?" ಎಂದು ನಕ್ಕಳು.

ಹುಟ್ಟಿದ್ದು ಹೆಣ್ಣು. ಕೋಟೆಯೊಳಗೆ ಹುಟ್ಟಿದ ಕೂಸಿಗೆ ದೊಣೆಯ ನೀರು ಎರೆದೇ ಹೆಸರಿಡಬೇಕು. ಅದಕ್ಕೆ ಬೇಸಿಗೆಯ ಒಂದು ಒಳ್ಳೆಯ ದಿನ ಗೊತ್ತು ಮಾಡಿದರು.

ಆ ದಿನಕ್ಕೆ ಮುಂಚೆಯೇ ಕುಂಪಣಿಯ ದಂಡು ಬಂತು. ಎತ್ತು, ಗಾಡಿ, ಡೇರೆ, ಬಯಲೆಲ್ಲ ಕೆಂಪು ಅಂಗಿ. ಕೋಟೆಯ ದೊಡ್ಡ ಬಾಗಿಲು ಮುಚ್ಚಿತು. ಓಬಳದಾಸ ಹೊರಗೆ ಉಳಿದ, ಮಗಳು ಮೊಮ್ಮಗಳು ಒಳಗೆ. ಅವನು ಘಟ್ಟದ ಒಂದು ಹಳ್ಳಿಯಲ್ಲಿ ಕಾದು ಕೂತ. ತೋಪು ಹಾರಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಆದರೆ ತೋಪು ಹೆಚ್ಚು ಹಾರಲಿಲ್ಲ. ದಂಡಿನವರು ಯಾವ ಅವಸರವೂ ಇಲ್ಲದವರ ಹಾಗೆ ಇದ್ದರು. ಇದೇ ಅವನಿಗೆ ಸಮಾಧಾನ. "ಹಿಂಗೇ ಕುಂತಿದ್ದು ಹೋಯ್ತಾರೆ, ದೊಣೇಲಿ ನೀರದೆ, ಹಗೇವಲ್ಲಿ ರಾಗಿ ಅದೆ, ಅವ್ರಿಗೇನು" ಎಂದು ಹಳ್ಳಿಯವರಿಗೆ ಹೇಳುತ್ತಿದ್ದ.

ಶನಿವಾರ ಬಂತು. ಅವನು ನಾಮ ತೀಡಿಕೊಂಡು, ನನ್ನನ್ನು ಹೆಗಲಿಗೆ ಹಾಕಿಕೊಂಡು, ದಂಡಿನ ಜೊತೆ ಬಂದಿದ್ದ ಸಾಹೇಬನ ಡೇರೆಯನ್ನು ಹುಡುಕಿಕೊಂಡು ಹೊರಟ, ಮಗಳನ್ನು ನೋಡಲು ಬಿಡಿ ಎಂದು ಕೇಳುವುದಕ್ಕೆ. ದಿಣ್ಣೆಯ ಪಕ್ಕದ ಕೊರಕಲಿಗೆ ಇಳಿದಾಗ ಅಲ್ಲೇ ನಿಂತುಬಿಟ್ಟ. ಸುಡುವ ಬೇಸಿಗೆ. ಮಳೆಗಾಲದಲ್ಲಿ ಮಾತ್ರ ಹರಿಯುವ ಕೊರಕಲು. ಅದರಲ್ಲಿ ತಿಳಿಯಾದ ನೀರು ಗುಳುಗುಳು ಹರಿಯುತ್ತಿತ್ತು. ಕುಂಪಣಿಯ ಎತ್ತುಗಳು ಮೂತಿಯಿಟ್ಟು ಕುಡಿಯುತ್ತಿದ್ದವು.

"ಅವ್ವಾ!" ಅಂದ ಓಬಳದಾಸ. "ಗಂಗವ್ವ! ಬೈಲಿಗೆ ಬಂದ್ಬುಟ್ಯಾ! ನಿನ್ನ ಕಣ್ಣಲ್ಲಿ ನೋಡೋ ಪುಣ್ಯ ಕೊಟ್ಯಾ!"

ಮಂಡಿಯೂರಿ ಕೂತ. ನೀರನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ನನ್ನನ್ನು ಎತ್ತಿ ಊದಿದ. ನನ್ನ ಬದುಕಿನಲ್ಲಿ ಅಷ್ಟು ತುಂಬಿದ ಉಸಿರು ನನ್ನೊಳಗೆ ಇನ್ನೆಂದೂ ಬರಲಿಲ್ಲ. ಎರಡೂ ಬೆಟ್ಟಕ್ಕೆ ಕೇಳಿರಬೇಕು. ಒಳಗಿದ್ದ ಅಲಮೇಲಿಗೂ ಕೇಳಿರಬೇಕು, ಅಪ್ಪ ಎಲ್ಲೋ ಹತ್ತಿರದಲ್ಲೇ ಇದ್ದಾನೆ ಎಂದು. ಎತ್ತು ಕಾಯುತ್ತಿದ್ದ ಸಿಪಾಯಿಗಳು ಬಾಯಿ ಬಿಟ್ಟು ನೋಡಿದರು.

ಕೊಂಡೋಪಂತ ಮೇಲಿನಿಂದ ಓಡಿ ಬಂದ. ಪಂಚೆಯೆಲ್ಲ ಕೆಮ್ಮಣ್ಣು.

"ನಿಲ್ಲಿಸಯ್ಯಾ! ನಿಲ್ಲಿಸು! ನಿನಗೇನು ಹುಚ್ಚೇ?"

"ನೋಡಿ ಸೋಮಿ, ಅವ್ವ ಬಂದವ್ಳೆ..."

"ಅವಳು ಬಂದಿಲ್ಲ. ಕರೆದುಕೊಂಡು ಬಂದಿದ್ದೇವೆ." ಕೊಂಡೋಪಂತ ದಿಣ್ಣೆಯ ಕಡೆ ಕೈ ತೋರಿಸಿದ. "ಮೇಲೆ ಹೋಗಿ ನೋಡು. ಎರಡು ಹುಣಸೆ ಮರ, ಒಂದು ಬೊಡ್ಡೆ. ನೀನು ಹೇಳಿದ ಕಡೆಯೇ ಅಗೆದರು. ಆಳುದ್ದದ ಕೆಳಗೆ ಕಲ್ಲಿನ ತೊಟ್ಟಿ. ಗಂಗವ್ವ ಉಸ್ಸೆಂದು ಕೂತ ಜಾಗ. ತೊಟ್ಟಿಯ ಗೋಡೆ ಒಡೆದು ನೀರನ್ನು ಈ ಕಡೆ ತಿರುಗಿಸಿದರು. ಕೋಟೆಗೆ ಈಗ ಒಂದು ತೊಟ್ಟೂ ಹೋಗುತ್ತಿಲ್ಲ, ದಾಸಪ್ಪ. ಬೇಹಿಗೆಂದು ಎಷ್ಟೋ ಜನ ಹರಿಕಾರರನ್ನು ಕಳಿಸಿದ್ದರು ಆ ಕೋಟೆಗೆ. ಅವರಿಗೆ ಯಾರಿಗೂ ಇದು ಸಿಕ್ಕಿರಲಿಲ್ಲ."

ಓಬಳದಾಸನಿಗೆ ಮೊದಲು ಅರ್ಥವಾಗಲಿಲ್ಲ. ನೀರನ್ನು ನೋಡಿದ, ಕೋಟೆಯನ್ನು ನೋಡಿದ. ಅರ್ಥವಾದ ಮೇಲೆ ಅಳಲಿಲ್ಲ. ಕಣ್ಣಿಗೆ ಹಚ್ಚಿಕೊಂಡಿದ್ದ ನೀರನ್ನು ಅಂಗೈಯಿಂದ ಒರೆಸಿ ಒರೆಸಿ ತೆಗೆದ.

ಸಾಹೇಬನ ಮುಂದೆ ಅವನು ಕೈಮುಗಿದು ನಿಂತಾಗ ಸಾಹೇಬನ ಕಣ್ಣು ಕೆಂಪಾಗಿತ್ತು. ಅವನೇನು ಕಟುಕನಲ್ಲ. "ದಾಸರೇ, ಯುದ್ಧದಲ್ಲಿ ರಕ್ತ ಹರಿಯಬಾರದೆಂದು ಹೀಗೆ ಮಾಡಿದೆವು. ನೀರಿಲ್ಲದಿದ್ದರೆ ಅವರು ಬೇಗನೆ ಶರಣಾಗುವರು. ನಿಮ್ಮ ಮಗಳನ್ನೂ ಶಿಶುವನ್ನೂ ಇಂದೇ ಕರೆತನ್ನಿರಿ. ಯಾರೂ ತಡೆಯರು" ಅಂದ. ದಂಡಿನವರಿಗೆ ಹಾಗೇ ಅಪ್ಪಣೆಯನ್ನೂ ಕೊಟ್ಟ. ಒಂದು ತೊಗಲಿನ ತಿತ್ತಿ ತುಂಬ ನೀರು ಕೊಟ್ಟು ಕಳಿಸಿದ.

ಸಣ್ಣ ಬಾಗಿಲ ಮುಂದೆ ನನ್ನನ್ನು ಊದಿದಾಗ ಅರ್ಧ ಉಸಿರೂ ಬರಲಿಲ್ಲ. ಆದರೂ ಬಾಗಿಲು ತೆರೆಯಿತು. ವಾಡಿಕೆ ವಾಡಿಕೆಯೇ. ಮುದ್ದಯ್ಯನ ತುಟಿ ಒಡೆದಿತ್ತು. ಮಾವನನ್ನು ರೇಗಿಸಲಿಲ್ಲ. ತಿತ್ತಿಯನ್ನು ನೋಡಿದ. ಅದು ಅಲಮೇಲಿಯ ಕೈ ಸೇರುವ ಮೊದಲೇ ಹತ್ತು ಕೈ ಬಂದವು. ಕೂಸಿಗೆ ಸಿಕ್ಕಿದ್ದು ಸೆರಗು ನೆನೆಸಿ ಹಿಂಡಿದ ಹನಿ.

ದೊಣೆ ಬತ್ತಿ ತಳದ ಕೆಸರು ಕಾಣುತ್ತಿತ್ತು. ಹೆಂಗಸರು ಕೆಸರನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಿದ್ದರು. ಎಲ್ಲರೂ ನಮ್ಮ ಸುತ್ತ ನೆರೆದರು.

"ಅಕ್ಕಂಗೆ ಯಾಕಪ್ಪ ಮುನಿಸು?" ಎಂದು ಒಬ್ಬ ಮುದುಕಿ ಕೇಳಿದಳು. "ನಾವೇನ್ ತಪ್ಪು ಮಾಡುದ್ವು? ಹೋದೊರ್ಸ ಬಾಗಿನ ಚೆಂದಾಗೇ ಕಳ್ಸುದ್ರಲ್ಲ?"

"ಪದ ಏಳಪ್ಪ ದಾಸಪ್ಪ. ನೀನು ಏಳುದ್ರೆ ಅವ್ಳು ಕೇಳ್ತಾಳೆ."

ಕಿಲ್ಲೇದಾರ ಬಂದ. ಆ ದೊಡ್ಡ ಆಳು ಸೊರಗಿ ಹೋಗಿದ್ದ. ಜನವನ್ನು ಸರಿಸಿ ದಾಸಯ್ಯನ ಎದುರು ನಿಂತು ತಗ್ಗಿದ ದನಿಯಲ್ಲಿ ಕೇಳಿದ: "ದಾಸಪ್ಪ, ಈ ದೇವಿ ವಿಷಯ ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ನೀರು ಬರುತ್ತೋ ಇಲ್ಲವೋ ಹೇಳು. ಬರೋದಿಲ್ಲ ಅಂದರೆ ಇವತ್ತೇ ಬಿಳಿ ಬಟ್ಟೆ ಹಾರಿಸ್ತೀನಿ. ಬರುತ್ತೆ ಅಂದರೆ ತಾಳಿಕೊಳ್ತೀವಿ. ಸುಲ್ತಾನರ ದಂಡು ದಾರಿಯಲ್ಲಿದೆ."

ನಾನು ಅವನ ಎದೆಗೆ ಒತ್ತಿಕೊಂಡಿದ್ದೆ. ಒಳಗೆ ಏನು ಬಡಿದುಕೊಳ್ಳುತ್ತಿತ್ತು ಎಂದು ನನಗೆ ಗೊತ್ತು. ಬರುವುದಿಲ್ಲ ಅಂದರೆ ಸಾಕಿತ್ತು, ಎಲ್ಲರೂ ಉಳಿಯುತ್ತಿದ್ದರು. ಆದರೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ನೀರು ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಯಾರು ತೋರಿಸಿದರು ಎಂದು ಕೇಳುತ್ತಾರೆ. ತನ್ನ ನಾಲಿಗೆ ಕೊಯ್ದರೆ ಕೊಯ್ಯಲಿ, ಅದಕ್ಕೆ ಅವನು ಹೆದರಲಿಲ್ಲ. ಎದುರಿಗೆ ಅಲಮೇಲಿ ನಿಂತಿದ್ದಳು. ಕೂಸು ಭುಜದ ಮೇಲೆ. ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಬಂದನಲ್ಲ, ಇನ್ನು ಭಯವಿಲ್ಲ ಎನ್ನುವ ನೋಟ. ಆ ನೋಟದ ಮುಂದೆ ಅವನಿಗೆ ಆಗಲಿಲ್ಲ.

"ಬತ್ತಾಳೆ ಬುದ್ದಿ" ಅಂದ. "ಮುನಿಸ್ಕಂಡವ್ಳೆ. ಪದ ಹೇಳುದ್ರೆ ಬತ್ತಾಳೆ."

ಜನ ಉಸಿರು ಬಿಟ್ಟರು. ಕಿಲ್ಲೇದಾರ ತಲೆಯಾಡಿಸಿ ಗೋಡೆಯ ಕಡೆ ಹೊರಟುಹೋದ. ಓಬಳದಾಸ ಬತ್ತಿದ ದೊಣೆಯ ದಡದಲ್ಲಿ ನಿಂತು ಅದೇ ಪದವನ್ನು ಹಾಡಿದ. ಹೆಂಗಸರು ದನಿಗೂಡಿಸಿದರು, ಒಣಗಿದ ಗಂಟಲಿನಲ್ಲಿ. ಮೂರು ಹುಣಸೆಯ ಸಾಲು ಬಂದಾಗ ಎಲ್ಲರೂ ನನ್ನ ಕೂಗಿಗೆ ಕಾದರು. ಅವನು ನನ್ನನ್ನು ಬಾಯಿಗಿಟ್ಟುಕೊಂಡ. ಬರೀ ಗಾಳಿ ಹೋಯಿತು.

ಹಾಡು ಮುಗಿದ ಮೇಲೆ ಮಗಳನ್ನು ಪಕ್ಕಕ್ಕೆ ಕರೆದ.

"ಬಾರವ್ವ, ಹೋಗುವ. ಕೂಸ್ನೂ ಎತ್ಕ. ದೊರೆ ಬುಡ್ತೀನಿ ಅಂದವ್ರೆ."

"ಇವ್ರು?" ಎಂದು ಗಂಡನ ಕಡೆ ನೋಡಿದಳು.

"ಅವ್ನು ಕಾವಲಾಳು, ಬುಡಕಿಲ್ಲ. ನೀ ಬಾ."

ಅಲಮೇಲಿ ನಕ್ಕಳು. ಒಡೆದ ತುಟಿಯಲ್ಲಿ ರಕ್ತ ಕಾಣಿಸಿತು. "ನೀನೇ ಅಂದ್ಯಲ್ಲಪ್ಪ ನೀರು ಬತ್ತದೆ ಅಂತ. ಇವತ್ತೋ ನಾಳೆಯೋ ಬತ್ತದೆ. ಅಷ್ಟಕ್ಕೇ ಗಂಡುನ್ನ ಬುಟ್ಟು ಕುಂಪಣಿ ದಂಡ್ಗೆ ಬರ್ಲಾ? ನಾಳೆ ಇವ್ರು ಮುಖ ಎಲ್ಲಿ ಮಡಿಕಂಡಾರು? ದೊಣೆ ತುಂಬ್ಲಿ, ಕೂಸ್ಗೆ ನೀರೆರ್ದು ಹೆಸ್ರು ಮಡುಗುವ. ಮುಂದಿನ ಶನಿವಾರ ನೀನೇ ಬಂದು ಊದೀಯಂತೆ."

"ಅಲಮೇಲಿ, ಬಾರವ್ವ. ಕಾಲು ಹಿಡ್ಕತೀನಿ."

"ಯಾಕಪ್ಪೊ ಹಿಂಗಾಡ್ತೀಯ? ನೀರು ಬರಾಕಿಲ್ವಾ?"

ಈಗಲಾದರೂ ಹೇಳಬಹುದಿತ್ತು. ಅವಳೊಬ್ಬಳಿಗೇ, ಕಿವಿಯಲ್ಲಿ. ನಾನು ಕಾದೆ. ಅವನ ಬಾಯಿ ತೆರೆಯಿತು.

"ಬತ್ತದೆ ಕನವ್ವ" ಅಂದ.

ಹೊರಗೆ ಬಂದವನು ಹಳ್ಳಿಗೂ ಹೋಗಲಿಲ್ಲ, ಡೇರೆಗೂ ಹೋಗಲಿಲ್ಲ. ಹುಣಸೆ ಮರದ ಹತ್ತಿರ ಹೋಗಿ ಒಡೆದ ತೊಟ್ಟಿಯ ಬಾಯಿಗೆ ಕಲ್ಲು ತುಂಬತೊಡಗಿದ. ಸಿಪಾಯಿಗಳು ಎಳೆದು ಹಾಕಿದರು. ಮತ್ತೆ ಹೋದ, ಮತ್ತೆ ಎಳೆದು ಹಾಕಿದರು. ಕೊನೆಗೆ ಸಾಹೇಬ ಅವನನ್ನು ಕಟ್ಟಿಹಾಕಿಸಿದ, ಅವನ ಒಳ್ಳೆಯದಕ್ಕೇ ಎಂದು. ನಾನೂ ಅವನ ಜೊತೆಗೆ ಆ ಡೇರೆಯ ಕಂಬದ ಬುಡದಲ್ಲಿ ಬಿದ್ದಿದ್ದೆ. ಬಿಳಿ ಬಟ್ಟೆ ಹಾರುತ್ತದೆಂದು ಸಾಹೇಬ ದಿನವೂ ಕೋಟೆಯ ಕಡೆ ನೋಡುತ್ತಿದ್ದ. "ಏಕೆ ಹಟ ಮಾಡುತ್ತಾರೆ? ಏನನ್ನು ನಂಬಿ ಕುಳಿತಿದ್ದಾರೆ?" ಎಂದು ಕೊಂಡೋಪಂತನನ್ನು ಕೇಳುತ್ತಿದ್ದ. ಓಬಳದಾಸ ಅದನ್ನು ಕೇಳಿಸಿಕೊಳ್ಳುತ್ತಿದ್ದ. ಕೂಗಿ ಹೇಳಿದ, ನೀರು ಬಿಡಿ, ನಾನು ಸುಳ್ಳು ಹೇಳಿ ಬಂದಿದ್ದೇನೆ ಎಂದು. ಸಾಹೇಬನಿಗಿಂತ ಮೇಲಿನವರು ಇದ್ದರು. ಅವರು ಬಿಡಲಿಲ್ಲ.

ಮುಂದಿನ ಶನಿವಾರ ಅವನನ್ನು ಬಿಚ್ಚಿದರು. ಸಣ್ಣ ಬಾಗಿಲ ಮುಂದೆ ನಿಂತು ಅವನು ನನ್ನನ್ನು ಊದಿದ. ಊದಿದ. ಊದುತ್ತಲೇ ಇದ್ದ. ಬಾಗಿಲು ತೆರೆಯಲಿಲ್ಲ. ತೆರೆಯುವವನಿಗೆ ಏಳುವ ತ್ರಾಣ ಇರಲಿಲ್ಲವೋ, ಅವನೇ ಇರಲಿಲ್ಲವೋ. ಆಮೇಲೆ ದಂಡಿನವರು ಬಾಗಿಲು ಮುರಿದು ಒಳಗೆ ಹೋದರು. ಎದುರು ನಿಂತು ಹೊಡೆಯುವವರು ಯಾರೂ ಇರಲಿಲ್ಲ.

ದೊಣೆಯ ಸುತ್ತ ಹೆಂಗಸರು ಬಿಂದಿಗೆ ಪಕ್ಕದಲ್ಲಿಟ್ಟುಕೊಂಡು ಒರಗಿದ್ದರು. ನೀರು ಬಂದ ಕೂಡಲೇ ತುಂಬಿಕೊಳ್ಳಬೇಕಲ್ಲ. ಕೆಲವರಿಗೆ ಜೀವವಿತ್ತು. ಅಲಮೇಲಿಗೆ ಇರಲಿಲ್ಲ. ಕೂಸು ಅವಳಿಗಿಂತ ಮುಂಚೆಯೇ ಹೋಗಿರಬೇಕು, ಅರಿಸಿನದ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಮುದ್ದಯ್ಯ ಬಾಗಿಲಿನ ಒಳಬದಿಯಲ್ಲಿ, ಅಗುಳಿಯ ಮೇಲೆ ಕೈಯಿಟ್ಟುಕೊಂಡೇ ಇದ್ದ.

ಸಂಜೆಯೊಳಗೆ ತೊಟ್ಟಿಯ ಗೋಡೆಯನ್ನು ಮತ್ತೆ ಕಟ್ಟಿಸಿದರು. ಕೋಟೆಯಲ್ಲಿ ಈಗ ಇರಬೇಕಾದವರು ಕುಂಪಣಿಯವರಲ್ಲವೇ, ಅವರಿಗೂ ನೀರು ಬೇಕು. ದೊಣೆ ತುಂಬಿತು.

ಸತ್ತವರಿಗೆ ಶಂಖ ಊದುವುದು ದಾಸಯ್ಯನ ಕೆಲಸ. ಓಬಳದಾಸ ಮಗಳಿಗೆ ಊದಲಿಲ್ಲ. ನನ್ನನ್ನು ತೆಗೆದುಕೊಂಡು ಹೋಗಿ ಸಾಹೇಬನ ಮೇಜಿನ ಮೇಲೆ, ಆ ಕಾಗದಗಳ ಪಕ್ಕದಲ್ಲಿ ಇಟ್ಟ.

"ಪದ ತಕಂಡ್ರಿ. ಗವಿ ತಕಂಡ್ರಿ. ದೊಣೆ ತಕಂಡ್ರಿ. ಇದೊಂದ್ಯಾಕೆ ಬುಡ್ತೀರಿ ಬುದ್ದಿ?"

ಸಾಹೇಬ ಎದ್ದು ನಿಂತ. "ದಾಸರೇ, ನನ್ನನ್ನು ಕ್ಷಮಿಸಿರಿ" ಅಂದ.

"ನೀವೇನ್ ಮಾಡುದ್ರಿ? ನೀವು ಕೇಳುದ್ರಿ ಅಷ್ಟೆ. ಹೇಳ್ದೋನು ನಾನು. ಹೇಳ್ಬೇಕಾದಾಗ ಹೇಳ್ದೆ ಹೋದೋನೂ ನಾನೇಯ."

ಅಷ್ಟು ಹೇಳಿ ಜಾಗಟೆಯನ್ನೂ ಭವನಾಸಿಯನ್ನೂ ಅಲ್ಲೇ ನೆಲದ ಮೇಲಿಟ್ಟು ಹೊರಟ. ಭವನಾಸಿ ಇಲ್ಲದ ದಾಸಯ್ಯನಿಗೆ ಯಾರೂ ಅನ್ನ ಹಾಕುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಯಾವ ಕಡೆ ಹೋದ ಎಂದು ನಾನು ಕಾಣೆ.

ನನ್ನನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಹಡಗಿಗೆ ಹಾಕಿದರು. ಬಹಳ ಕಾಲ ಸಾಹೇಬನ ಮನೆಯ ಕಪಾಟಿನಲ್ಲಿ ಇದ್ದೆ. ಅವನ ದೇಶದ ಚಳಿಗೆ ನನ್ನ ಅರಗು ಬಿರುಕು ಬಿಟ್ಟಿತು. ಸಾಹೇಬ ಪದಗಳನ್ನೆಲ್ಲ ಅಚ್ಚು ಹಾಕಿಸಿದ. ಚಂದದ ಪುಸ್ತಕವಂತೆ, ತಿಳಿದವರೆಲ್ಲ ಹೊಗಳಿದರು, ಅವನಿಗೆ ಮರ್ಯಾದೆ ಮಾಡಿದರು. ಅತಿಥಿಗಳು ಬಂದರೆ ನನ್ನನ್ನು ತೆಗೆದು ತೋರಿಸುತ್ತಿದ್ದ. ಊದಿ ತೋರಿಸಿ ಎಂದು ಯಾರಾದರೂ ಕೇಳಿದರೆ, ತನಗೆ ಬರುವುದಿಲ್ಲ ಎಂದು ಮತ್ತೆ ಒಳಗಿಡುತ್ತಿದ್ದ. ಅವನು ಸತ್ತ ಮೇಲೆ ಮಕ್ಕಳು ನನ್ನನ್ನು ಒಂದು ದೊಡ್ಡ ಕಟ್ಟಡಕ್ಕೆ ಕೊಟ್ಟರು. ಅಲ್ಲಿ ಗೆದ್ದ ದೇಶಗಳ ಸಾಮಾನೆಲ್ಲ ಸಾಲಾಗಿ ಜೋಡಿಸಿಟ್ಟಿದ್ದಾರೆ.

ಈಗ ನಾನು ನೆಲಮಾಳಿಗೆಯಲ್ಲಿ, ಎಳೆದರೆ ತೆರೆಯುವ ಒಂದು ಖಾನೆಯಲ್ಲಿದ್ದೇನೆ. ಇಲ್ಲಿ ತೇವವಿಲ್ಲ, ಧೂಳಿಲ್ಲ, ಗೆದ್ದಲಿಲ್ಲ. ನನ್ನನ್ನು ಮುಟ್ಟುವವರು ಬಿಳಿಯ ಕೈಗವಸು ಹಾಕಿಕೊಂಡು ಮುಟ್ಟುತ್ತಾರೆ. ಇಷ್ಟು ಜೋಪಾನವನ್ನು ನಮ್ಮ ಸೀಮೆಯಲ್ಲಿ ಯಾವ ಬಾಣಂತಿಗೂ ಯಾರೂ ಮಾಡಿರಲಾರರು. ಕೂತು ಕೂತು ಒಂದು ಮಾತನ್ನು ಯೋಚಿಸುತ್ತೇನೆ. ಹಗೆಯಿಂದ ಕೇಳಿದವರಿಗೆ ನಮ್ಮವರು ಎಂದೂ ಏನನ್ನೂ ಹೇಳಲಿಲ್ಲ. ಅಕ್ಕರೆಯಿಂದ ಕೇಳಿದವನಿಗೆ ಎಲ್ಲವನ್ನೂ ಹೇಳಿದರು. ಹಾಗಾದರೆ ಅಕ್ಕರೆಯನ್ನೂ ನಂಬಬಾರದೇ? ನಂಬದೆ ಬದುಕುವುದಾದರೂ ಹೇಗೆ? ನನಗೆ ಉತ್ತರ ಸಿಕ್ಕಿಲ್ಲ. ಸಿಗುವ ಹಾಗೂ ಕಾಣುವುದಿಲ್ಲ.

ನನ್ನ ಕೊರಳಿಗೆ ಒಂದು ಚೀಟಿ ಕಟ್ಟಿದ್ದಾರೆ. ಹಿಂದೊಮ್ಮೆ ನಮ್ಮ ಭಾಷೆ ಬಲ್ಲವರೊಬ್ಬರು ಬಂದಾಗ ಅದನ್ನು ಕನ್ನಡದಲ್ಲಿ ತಮಗೆ ತಾವೇ ಓದಿಕೊಂಡರು. ಆಗ ಕೇಳಿಸಿಕೊಂಡೆ: "ಭಿಕ್ಷುಕರ ಶಂಖ. ಸೋರೆದುರ್ಗದ ಸೀಮೆ. ಇಬ್ಬರು ಸೋದರಿ ದೇವತೆಯರ ಒಂದು ಸುಂದರ ಪದವನ್ನು ಹಾಡುವಾಗ ಬಳಸುತ್ತಿದ್ದರು. ಆ ಪದವನ್ನು ಹಾಡುವವರು ಈಗ ಆ ಭಾಗದಲ್ಲಿ ಯಾರೂ ಕಾಣಸಿಗುವುದಿಲ್ಲ. ಕಾರಣ ತಿಳಿದುಬಂದಿಲ್ಲ."